ಐಚ್ಛಿಕ ಪೇಪರಿನ ಫಾರ್ಮು

ಕಳೆದ ಸಂಚಿಕೆಯಲ್ಲಿ ಹಲಸಿನ ಹಪ್ಪಳದ ಬಗ್ಗೆ ಬರೆದವಳಿಗೆ ಈ ಸಲ ಕಾನೂನು ಕಾಲೇಜಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಮದುವೆಯಾಗಿ ಡೊಂಬಿವಲಿಗೆ ಬಂದು, ಇಪ್ಪತ್ತೆಂಟು ವರ್ಷ ಬೆಳಗಿನ ಲೋಕಲ್ಲಿಗೆ ಡಬ್ಬಿ ಕಟ್ಟಿ ಕೊಟ್ಟವಳು ನಾನು. ಅಫಿಡವಿಟ್ ಮಾಡಿಸಲು ಕಲ್ಯಾಣದ ಕೋರ್ಟಿನ ಹೊರಗೆ ಛತ್ರಿಯ ಕೆಳಗೆ ಕೂತ ಟೈಪಿಸ್ಟನ ಹತ್ತಿರ ಒಮ್ಮೆ ಹೋದದ್ದು ಬಿಟ್ಟರೆ ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ.

ಆದರೆ ನಮ್ಮ ಮಗಳು ಈಗ ಐದು ವರ್ಷದ ಬಿ.ಎ. ಎಲ್‌ಎಲ್.ಬಿ.ಯ ನಾಲ್ಕನೇ ವರ್ಷದಲ್ಲಿದ್ದಾಳೆ. ಹೋದ ತಿಂಗಳು ಒಂದು ಸಂಜೆ ಕಾಲೇಜಿನಿಂದ ಬಂದವಳೇ ಒಂದು ಫಾರ್ಮನ್ನು ಊಟದ ಮೇಜಿನ ಮೇಲಿಟ್ಟಳು. ಐಚ್ಛಿಕ ವಿಷಯಗಳ ಫಾರ್ಮು. ಎಂಟು ದಿನದೊಳಗೆ ತುಂಬಿ ಕೊಡಬೇಕು. ಆ ಎಂಟು ದಿನ ನಮ್ಮ ಮನೆಯಲ್ಲಿ ಎಂಥ ಚರ್ಚೆ ನಡೆಯಿತೆಂದರೆ, ಎದುರು ಫ್ಲಾಟಿನ ಮರಾಠಿ ಕಾಕೂ ಬಾಗಿಲು ತಟ್ಟಿ, ಎಲ್ಲ ಸರಿ ಉಂಟಲ್ಲ ಎಂದು ವಿಚಾರಿಸಿ ಹೋದರು.

ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಈಗ ಲಾ ಓದುವ ಮಕ್ಕಳಿದ್ದಾರೆ. ಇಂಜಿನಿಯರಿಂಗಿನಲ್ಲಿ ಯಾವ ಬ್ರಾಂಚು ಒಳ್ಳೆಯದೆಂದು ನಡುರಾತ್ರಿ ಎಬ್ಬಿಸಿ ಕೇಳಿದರೂ ನಾವು ಹೇಳಿಯೇವು. ಲಾ ಕಾಲೇಜಿನ ಕೊನೆಯ ಎರಡು ವರ್ಷಗಳಲ್ಲಿ ಯಾವ ಪೇಪರು ಆರಿಸಬೇಕು ಎಂದರೆ ಮಾತ್ರ ತಲೆಬುಡ ತಿಳಿಯುವುದಿಲ್ಲ. ನನಗೂ ತಿಳಿದಿರಲಿಲ್ಲ. ಆ ಎಂಟು ದಿನಗಳಲ್ಲಿ ತಿಳಿದದ್ದನ್ನು, ಅದಕ್ಕೂ ಮುಂಚೆ ನಾನು ಮಾಡಿದ್ದ ಒಂದು ತಪ್ಪನ್ನು, ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಲೆಕ್ಕ. ನಮ್ಮ ಕಾಲದಲ್ಲಿ ಬಿ.ಎ., ಬಿ.ಕಾಂ. ಏನಾದರೊಂದು ಮುಗಿಸಿ ಆಮೇಲೆ ಮೂರು ವರ್ಷದ ಎಲ್‌ಎಲ್.ಬಿ. ಮಾಡುವವರೇ ಹೆಚ್ಚು. ಬೆಳಿಗ್ಗೆ ಕಾಲೇಜು, ಹಗಲು ಆಫೀಸು ಎಂದು ಓದಿ ವಕೀಲರಾದವರು ಮುಂಬಯಿಯ ನಮ್ಮವರಲ್ಲೇ ಎಷ್ಟು ಮಂದಿ! ಬೆಂಗಳೂರಿನಲ್ಲಿ 1987ರಲ್ಲಿ ನ್ಯಾಷನಲ್ ಲಾ ಸ್ಕೂಲ್ ಹುಟ್ಟಿ, ಅದರ ಮೊದಲ ನಿರ್ದೇಶಕರಾದ ಎನ್.ಆರ್. ಮಾಧವ ಮೆನನ್ ಅವರು ಐದು ವರ್ಷದ ಕೋರ್ಸಿಗೆ ಒಂದು ಗಟ್ಟಿ ರೂಪ ಕೊಟ್ಟ ಮೇಲೆ, ಹನ್ನೆರಡನೆಯ ತರಗತಿ ಮುಗಿದೊಡನೆ ನೇರವಾಗಿ ಲಾ ಸೇರುವುದು ರೂಢಿಯಾಯಿತು. ಮೂರು ವರ್ಷದ್ದು ಈಗಲೂ ಉಂಟು.

ಯಾವ ಕಾಲೇಜಾದರೂ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮಗಳಿಗೆ ಒಳಪಟ್ಟದ್ದೇ. ಅದರಂತೆ ಕಡ್ಡಾಯ ಪೇಪರುಗಳು 20: ಕರಾರು, ಅಪರಾಧ, ಸಂವಿಧಾನ, ಕುಟುಂಬ ಕಾನೂನು, ಸ್ವತ್ತು, ಸಾಕ್ಷ್ಯ, ಕಂಪನಿ, ತೆರಿಗೆ, ಕಾರ್ಮಿಕ ಕಾನೂನು ಇತ್ಯಾದಿ. ಕೈಯಿಂದ ಮಾಡಿ ಕಲಿಯುವ ಪೇಪರುಗಳು 4: ದಾವೆ ದಸ್ತಾವೇಜುಗಳ ಕರಡು ಬರೆಯುವುದು, ವೃತ್ತಿಧರ್ಮ, ಕೋರ್ಟಿನ ಹೊರಗಿನ ರಾಜಿ-ತೀರ್ಮಾನ, ಅಣಕು ನ್ಯಾಯಾಲಯ. ಉಳಿದ 6 ಮಾತ್ರ ವಿದ್ಯಾರ್ಥಿಯ ಇಷ್ಟಕ್ಕೆ ಬಿಟ್ಟದ್ದು. ಆನರ್ಸ್ ಬೇಕೆನ್ನುವವರಿಗೆ ಇನ್ನೂ 8 ಸೇರುತ್ತದೆ. ಇದಲ್ಲದೆ ಐದು ವರ್ಷದವರಿಗೆ ಒಟ್ಟು 20 ವಾರ ವಕೀಲರ ಬಳಿಯೋ ಸಂಸ್ಥೆಗಳಲ್ಲೋ ಇಂಟರ್ನ್‌ಶಿಪ್.

ಆ ಆರನ್ನು ಆರಿಸಲು ನಿಯಮದಲ್ಲಿ ಏಳು ಗುಂಪು ಕೊಟ್ಟಿದ್ದಾರೆ. ಸಂವಿಧಾನ, ವ್ಯಾಪಾರ, ಅಂತರರಾಷ್ಟ್ರೀಯ ವ್ಯಾಪಾರ, ಅಪರಾಧಶಾಸ್ತ್ರ, ಅಂತರರಾಷ್ಟ್ರೀಯ ಕಾನೂನು, ಕೃಷಿ, ಬೌದ್ಧಿಕ ಸ್ವತ್ತು. ಒಂದೊಂದು ಗುಂಪಿನಲ್ಲೂ ಹತ್ತಾರು ಹೆಸರು. ಓದಿದರೆ ಬಾಯಲ್ಲಿ ನೀರೂರಬೇಕು! ಆದರೆ ನಮ್ಮ ಹಳೆಯ ಉಡುಪಿ ಹೋಟೆಲುಗಳ ಬೋರ್ಡು ನೆನಪುಂಟಲ್ಲ, ಬೋರ್ಡಿನಲ್ಲಿ ನಲವತ್ತು ತಿಂಡಿ, ಮಾಣಿಯನ್ನು ಕೇಳಿದರೆ "ಇಡ್ಲಿ, ವಡೆ, ಬನ್ಸ್ ಅಷ್ಟೇ ಉಂಟು" ಎನ್ನುತ್ತಾನೆ. ಇಲ್ಲೂ ಹಾಗೆಯೇ. ಕಲಿಸುವವರು ಸಿಕ್ಕಿದರೆ, ಆರಿಸುವ ಮಕ್ಕಳ ಸಂಖ್ಯೆ ಸಾಕಷ್ಟಾದರೆ ಪೇಪರು ನಡೆಯುತ್ತದೆ. ಇಲ್ಲದಿದ್ದರೆ ಎರಡನೆಯ ಆಯ್ಕೆಗೆ ಹೋಗು ಎನ್ನುತ್ತಾರೆ. ಆದ್ದರಿಂದ ಎರಡನೆಯ ಆಯ್ಕೆಯನ್ನೂ ಮೊದಲನೆಯದರಷ್ಟೇ ಯೋಚಿಸಿ ಬರೆಯಬೇಕು. ಹೆಚ್ಚಿನವರು ಬರೆಯುವುದಿಲ್ಲ.

ತಾಯಿ ತಂದೆಯರಿಗೆ ಇಲ್ಲೊಂದು ಸಮಾಧಾನದ ಸಂಗತಿ. ಲಾ ಮುಗಿಸಿದ ಮೇಲೆ ವಕೀಲಿ ಮಾಡಲು 2011ರಿಂದ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. ಅದು ಸರಿಯೋ ತಪ್ಪೋ ಎಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2023ರ ಫೆಬ್ರವರಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಬಾರ್ ಕೌನ್ಸಿಲ್ಲಿಗೆ ಆ ಅಧಿಕಾರ ಉಂಟು ಎಂದಿತು. ಅದರಲ್ಲಿ ಬರುವ ಪ್ರಶ್ನೆಗಳು ಬಹುಪಾಲು ಕಡ್ಡಾಯ ವಿಷಯಗಳ ಮೇಲೆಯೇ. ಅಂದರೆ ನಿಮ್ಮ ಮಗ ಬ್ಯಾಂಕಿಂಗ್ ಕಾನೂನು ತೆಗೆದುಕೊಳ್ಳದೆ ಶಿಕ್ಷೆಯ ಶಾಸ್ತ್ರ ಓದಿದನೆಂದು ಅವನ ಸನ್ನದು ತಪ್ಪಿಹೋಗುವುದಿಲ್ಲ. ಇದೊಂದು ಮಾತು ಮೊದಲೇ ತಿಳಿದಿದ್ದರೆ ನನ್ನ ಅರ್ಧ ರಕ್ತದೊತ್ತಡ ಇಳಿಯುತ್ತಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಆರರಲ್ಲಿ ಒಂದು ಪೇಪರನ್ನು ಅವಳು ಹಿಂದಿನ ಸೆಮಿಸ್ಟರಿನಲ್ಲೇ ಮುಗಿಸಿದ್ದಳು. ಆಗ ಅವಳಿಗೆ ಯಾವುದನ್ನು ಆರಿಸುವುದೆಂದು ಗೊಂದಲ. ನಾನೇ ಹೇಳಿದೆ, "ಎಲ್ಲರೂ ಯಾವುದರಲ್ಲಿ ಮಾರ್ಕ್ಸ್ ಚೆನ್ನಾಗಿ ಬರ್ತದೆ ಅಂತಾರೋ ಅದನ್ನೇ ತಗೋ. ತಲೆನೋವು ಯಾಕೆ?" ಹಾಗೆ ಅವಳು ಮಾಧ್ಯಮ ಮತ್ತು ಕಾನೂನು ಎಂಬ ಪೇಪರು ತೆಗೆದುಕೊಂಡಳು. ವಿಷಯ ಕೆಟ್ಟದ್ದಲ್ಲ, ದಿನಾ ಪತ್ರಿಕೆ ಓದುವ ನನಗೇ ಕುತೂಹಲವಿತ್ತು. ಆದರೆ ಕಲಿಸುತ್ತಿದ್ದವರು ನಡುವೆ ಬಿಟ್ಟುಹೋದರು. ಬದಲಿಗೆ ಬಂದವರು ಹಳೆಯ ನೋಟ್ಸು ಓದಿ ಹೇಳಿದರು, ಮಕ್ಕಳು ಬರೆದುಕೊಂಡರು. ಪರೀಕ್ಷೆಯಲ್ಲಿ ಒಳ್ಳೆಯ ಅಂಕವೇ ಬಂತು. ನಾನು ಪಾಯಸ ಮಾಡಿದೆ.

ಆಮೇಲಿನ ರಜೆಯಲ್ಲಿ ಅವಳು ಒಬ್ಬ ಹಿರಿಯ ವಕೀಲರ ಬಳಿ ಇಂಟರ್ನ್‌ಶಿಪ್ಪಿಗೆ ಹೋದಳು. ಅವರು ಅವಳ ಅಂಕಪಟ್ಟಿ ನೋಡಿ ಖುಷಿಯಿಂದಲೇ, ಒಂದು ಪತ್ರಿಕಾ ವರದಿ ಕೊಟ್ಟು, ಇದು 1971ರ ನ್ಯಾಯಾಂಗ ನಿಂದನೆ ಕಾಯಿದೆಯಡಿ ಬರುತ್ತದೋ ಇಲ್ಲವೋ ಎರಡು ಪುಟದಲ್ಲಿ ಬರೆದುಕೊಡು ಎಂದರಂತೆ. ಆ ಕಾಯಿದೆ ಅವಳು ಓದಿದ ಪೇಪರಿನದ್ದೇ. ಮೂರು ಗಂಟೆ ಕೂತರೂ ಅರ್ಧ ಪುಟ ದಾಟಲಿಲ್ಲ. ವಕೀಲರು ಬೈಯಲಿಲ್ಲ, ಕಾಗದವನ್ನು ಪಕ್ಕಕ್ಕಿಟ್ಟು ಬೇರೆ ಹುಡುಗನನ್ನು ಕರೆದರು. ಆ ರಾತ್ರಿ ಅವಳು ಊಟ ಬೇಡ ಅಂದಳು. "ಅಮ್ಮಾ, ಮಾರ್ಕ್ಸ್ ಉಂಟು, ವಿಷಯ ಇಲ್ಲ" ಎಂದಳು. ನಾನು ಏನು ಹೇಳಲಿ, ನೀವೇ ಹೇಳಿ. ಮಾರ್ಕ್ಸಿನ ದಾರಿ ತೋರಿಸಿದವಳು ನಾನೇ.

ಹಾಗಾಗಿ ಈ ಸಲ ಫಾರ್ಮು ಮೇಜಿಗೆ ಬಂದಾಗ ನಾನು ಬಾಯಿ ಬಿಡದೆ ಬೆಂಡೆಕಾಯಿ ಹೆಚ್ಚುತ್ತ ಕೂತೆ. ಈ ಸೆಮಿಸ್ಟರಿಗೆ ಎರಡು ಪೇಪರು, ಐದನೆಯ ವರ್ಷಕ್ಕೆ ಮೂರು. ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಒಂದೇ ಉಸಿರಿಗೆ ತೀರ್ಪು ಕೊಟ್ಟರು: "ಎರಡೂ ವ್ಯಾಪಾರದ ಗುಂಪಿನಿಂದ. ದಿವಾಳಿ ಕಾನೂನು ಒಂದು, ಕಂಪನಿಗಳ ವಿಲೀನ ಒಂದು. ಉಳಿದದ್ದೆಲ್ಲ ಪುಸ್ತಕದ ಬದನೆಕಾಯಿ."

ಅವರ ಮಾತಿಗೂ ಕಾರಣವಿತ್ತು. ನಿವೃತ್ತಿಯಾಗುವವರೆಗೆ ಅವರು ಒಂದು ಬ್ಯಾಂಕಿನ ಸಾಲ ವಸೂಲಿ ವಿಭಾಗದಲ್ಲಿದ್ದವರು. ಸಾಲ ವಸೂಲಿಗೆಂದು 1993ರಲ್ಲಿ ಬಂದ ಕಾಯಿದೆ, ಕೋರ್ಟಿಗೆ ಹೋಗದೆ ಅಡವು ಆಸ್ತಿ ವಶಪಡಿಸಿಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯಿದೆ, ಕೊನೆಗೆ 2016ರ ದಿವಾಳಿ ಸಂಹಿತೆ, ಮೂರನ್ನೂ ಫೈಲುಗಳ ಮಧ್ಯೆ ಕೂತು ಕಂಡವರು. ಹೊಸ ಸಂಹಿತೆಯಲ್ಲಿ 180 ದಿನ ಎಂದು ಗಡುವು ಹಾಕಿದ್ದು, ಅದನ್ನು 2019ರಲ್ಲಿ ಕೋರ್ಟಿನ ಕಾಲವೂ ಸೇರಿ 330 ದಿನ ಎಂದು ಬಿಗಿ ಮಾಡಿದ್ದು, ಆದರೂ ಫೈಲು ಎಳೆಯುವುದು, ಇದನ್ನೆಲ್ಲ ಅವರು ಹೇಳಲು ಶುರುಮಾಡಿದರೆ ಸಾರು ತಣಿದುಹೋಗುತ್ತದೆ. ಬ್ಯಾಂಕಿನ ಪರವಾಗಿ ಬಂದ ಎಳೆಯ ವಕೀಲರ ಫೀಸನ್ನು ಅವರು ಕಣ್ಣಾರೆ ಕಂಡಿದ್ದರು. ಮಗಳು ಆ ಕುರ್ಚಿಯಲ್ಲಿ ಕೂತಿರಬೇಕೆಂಬುದು ತಂದೆಯ ಆಸೆ. ಅದರಲ್ಲಿ ತಪ್ಪೇನಿದೆ?

ಮಗಳು ಮಾತ್ರ ಪೆನ್ಸಿಲಿನಲ್ಲಿ ಬೇರೆಯದೇ ಎರಡಕ್ಕೆ ಗುರುತು ಹಾಕಿದ್ದಳು. ಒಂದು, ಶಿಕ್ಷೆ ಮತ್ತು ಬಲಿಪಶುಗಳ ಶಾಸ್ತ್ರ. ಇನ್ನೊಂದು, ಭೂ ಕಾನೂನು. ನಮ್ಮ ಮನೆಯವರು ಎರಡನೆಯದನ್ನು ನೋಡಿ ನಕ್ಕೇಬಿಟ್ಟರು. "ಡೊಂಬಿವಲಿಯ ಮೂರನೇ ಮಾಳಿಗೆಯಲ್ಲಿ ಹುಟ್ಟಿದವಳು ಗದ್ದೆ ಕಾನೂನು ಓದ್ತಾಳಂತೆ. ಕೃಷಿ ಗುಂಪಿನಲ್ಲಿ ಬೀಜ ಗೊಬ್ಬರದ ಪೇಪರೂ ಉಂಟು ನೋಡು, ಅದನ್ನೂ ತಗೋ." ಅವಳು ಫಾರ್ಮು ಮಡಚಿ ಒಳಗೆ ಹೋದಳು. ಬಾಗಿಲು ಸ್ವಲ್ಪ ಜೋರಾಗಿಯೇ ಮುಚ್ಚಿತು.

ಮೂರನೆಯ ದಿನ ಅವಳ ಸೀನಿಯರ್ ಒಬ್ಬಳನ್ನು ಊಟಕ್ಕೆ ಕರೆದೆ. ಹುಬ್ಬಳ್ಳಿ ಕಡೆಯ ಹುಡುಗಿ, ಎರಡು ವರ್ಷದಿಂದ ಠಾಣೆಯಲ್ಲಿ ವಕೀಲಿ ಮಾಡುತ್ತಿದ್ದಾಳೆ. ಪತ್ರೊಡೆಯ ಎರಡನೆಯ ತುಂಡು ಹಾಕಿಸಿಕೊಳ್ಳುತ್ತ ಅವಳು ಹೇಳಿದ ಮಾತುಗಳು ನನಗೆ ಯಾವ ಪುಸ್ತಕದಲ್ಲೂ ಸಿಗುತ್ತಿರಲಿಲ್ಲ.

"ಆಂಟಿ, ಪೇಪರಿನ ಹೆಸರು ನೋಡಬ್ಯಾಡ್ರಿ. ಕಲಿಸೋರು ಯಾರು ಅಂತ ನೋಡ್ರಿ. ಹೋದ ವರ್ಷ ಓದಿದವ್ರನ್ನ ಕೇಳ್ರಿ, ಅವ್ರು ಕ್ಲಾಸಿಗೆ ಬರ್ತಾರೋ ಇಲ್ಲೋ, ತೀರ್ಪು ಓದಸ್ತಾರೋ ಇಲ್ಲಾ ಗೈಡ್ ಓದಸ್ತಾರೋ."

ಆಮೇಲೆ ಅವಳು ಪರೀಕ್ಷೆಯ ಮಾತು ತೆಗೆದಳು. ಕೆಲವು ಐಚ್ಛಿಕ ಪೇಪರುಗಳಲ್ಲಿ ಮೂರು ಗಂಟೆಯ ಬರವಣಿಗೆಯೇ ಎಲ್ಲ. ಕೆಲವರು ಒಂದು ದೀರ್ಘ ಪ್ರಬಂಧ ಬರೆಸುತ್ತಾರೆ, ತಿದ್ದುತ್ತಾರೆ, ಮತ್ತೆ ಬರೆಸುತ್ತಾರೆ. ಹಾಗೆ ತಿದ್ದಿಸಿಕೊಂಡ ಒಂದೇ ಒಂದು ಪ್ರಬಂಧ ತನಗೆ ಕೋರ್ಟಿನಲ್ಲಿ ಉಪಯೋಗಕ್ಕೆ ಬಂತು ಎಂದಳು. ಮುಂದೆ ಎಲ್‌ಎಲ್.ಎಂ.ಗೆ ಹೋಗುವವರಿಗೆ ಶಿಫಾರಸು ಪತ್ರ ಬೇಕಲ್ಲ, ಎಂಬತ್ತು ಮಕ್ಕಳ ಕ್ಲಾಸಿನಲ್ಲಿ ಹೆಸರೂ ತಿಳಿಯದ ಅಧ್ಯಾಪಕರು ಏನು ಬರೆದುಕೊಟ್ಟಾರು? ಹದಿನೈದು ಮಕ್ಕಳ ಕ್ಲಾಸಿನವರಾದರೆ ಬರೆಯುತ್ತಾರೆ.

ಕಾನೂನು ಬದಲಾಗುವ ಬಗ್ಗೆಯೂ ಹೇಳಿದಳು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯಿದೆ ಮೂರೂ ಹೋಗಿ ಹೊಸ ಸಂಹಿತೆಗಳು ಬಂದವು. "ನಾ ಬಾಯಿಪಾಠ ಮಾಡಿದ್ದ ಸೆಕ್ಷನ್ ನಂಬರ ಎಲ್ಲಾ ಒಂದ ರಾತ್ರಿಗೆ ಹೋದ್ವು ಆಂಟಿ. ಚಾರ್ ಸೌ ಬೀಸ್ ಅಂತ ಬೈಯಾಕೂ ಬರಂಗಿಲ್ಲ ಈಗ, ಮೂರನೂರಾ ಹದಿನೆಂಟು ಅನಬೇಕು!" ಎಂದು ನಕ್ಕಳು. ನಂಬರು ಕಲಿಸಿದ ಪೇಪರು ಅಲ್ಲಿಗೇ ಮುಗಿಯಿತು, ಕಾಯಿದೆಯನ್ನು ಓದುವ ಕ್ರಮ ಕಲಿಸಿದ ಪೇಪರು ಉಳಿಯಿತು ಎಂಬುದು ಅವಳ ಅನುಭವ.

ನಮ್ಮ ಮನೆಯವರು ಬಿಡುತ್ತಾರೆಯೇ? "ನೀನು ಯಾವುದು ತಗೊಂಡಿದ್ದೆ ಮಗಾ?" ಎಂದು ಕೇಳಿದರು. ಅವಳು ದಿವಾಳಿ ಕಾನೂನನ್ನೇ ತೆಗೆದುಕೊಂಡಿದ್ದಳಂತೆ, ಅದರಿಂದ ಕೆಲಸವೂ ಸಿಕ್ಕಿತಂತೆ. ಇವರ ಮುಖ ಊರಗಲವಾಯಿತು. ಆದರೆ ಹುಡುಗಿ ಸೇರಿಸಿದಳು: ಕಂಪನಿ ಕಾನೂನು ಸರಿಯಾಗಿ ಓದದೆ, ಬ್ಯಾಲೆನ್ಸ್ ಶೀಟು ನೋಡಲು ಬಾರದೆ ವಿಲೀನದ ಪೇಪರಿಗೆ ಕೂತವರು ತಿಂಗಳೊಳಗೆ ಕಂಗಾಲಾಗುತ್ತಾರೆ. ಯಾವುದರ ಮೇಲೆ ಯಾವುದು ನಿಲ್ಲುತ್ತದೆ ಎಂದು ನೋಡಿ ಹತ್ತಬೇಕು. ನಮ್ಮ ಮಗಳ ಕಾಲೇಜಿನಲ್ಲಿ ಕಂಪನಿ ಕಾನೂನು ಆಗಲೇ ಮುಗಿದಿದೆ, ಹಾಗಾಗಿ ದಿವಾಳಿಗೆ ಅಡ್ಡಿಯಿಲ್ಲ. ವಿಲೀನ ಮುಂದಿನ ವರ್ಷಕ್ಕೇ ಆಗಬಹುದು.

ಅವಳು ಹೋದ ಮೇಲೆ ಪಾತ್ರೆ ತೊಳೆಯುತ್ತ ನನ್ನ ಬಿ.ಎ.ಯ ದಿನಗಳು ನೆನಪಾದವು. ನಾನು ಇಂಗ್ಲಿಷ್ ಸಾಹಿತ್ಯ ಆರಿಸಿದ್ದು ಶೇಕ್ಸ್‌ಪಿಯರನ ಮೇಲಿನ ಪ್ರೀತಿಯಿಂದಲ್ಲ, ಆಗ ಅವನನ್ನು ಓದಿಯೇ ಇರಲಿಲ್ಲ. ಆ ವಿಷಯ ಕಲಿಸುತ್ತಿದ್ದ ಮೇಡಂ ಒಬ್ಬರಿದ್ದರು. ಮಳೆಗಾಲದಲ್ಲಿ ಬಸ್ಸು ತಪ್ಪಿ ನಾಲ್ಕೇ ಹುಡುಗಿಯರು ಬಂದಿದ್ದರೂ ಪೂರ್ತಿ ಪಾಠ ಮಾಡುತ್ತಿದ್ದರು. ಒಂದು ಸಾಲನ್ನು ಹೀಗೂ ಓದಬಹುದು, ಹಾಗೂ ಓದಬಹುದು, ಯಾವುದು ಸರಿಯೆಂದು ನೀನು ಸಾಲಿನಿಂದಲೇ ತೋರಿಸು ಎನ್ನುತ್ತಿದ್ದರು. ಅದರಿಂದ ನನಗೆ ನೌಕರಿ ಸಿಗಲಿಲ್ಲ. ಲಾ ಓದುತ್ತೇನೆಂದಾಗ ಅಪ್ಪ ಬೇಡ ಎಂದರು, ನಾನೂ ಹೆಚ್ಚು ಹಟ ಮಾಡಲಿಲ್ಲ. ಆದರೆ ಆ ಮೇಡಮ್ಮಿನ ಪಾಠ ಇವತ್ತಿಗೂ ಜೊತೆಗಿದೆ ಎಂದು ನಂಬಿದ್ದೆ. ಆ ನಂಬಿಕೆಯನ್ನೇ ಮಗಳು ಐದನೆಯ ದಿನ ಅಲ್ಲಾಡಿಸಿಬಿಟ್ಟಳು.

"ಭೂ ಕಾನೂನು ಯಾಕೆ ಬೇಕು ನಿನಗೆ? ಅಪ್ಪನಿಗೆ ಒಂದು ಕಾರಣವಾದರೂ ಹೇಳು" ಎಂದು ನಾನು ಕೇಳಿದ್ದಕ್ಕೆ ಅವಳು ತಿರುಗಿ ಕೇಳಿದಳು: "ಅಮ್ಮಾ, ಎರಡು ವರ್ಷದ ಹಿಂದೆ ಚೌತಿಗೆ ಊರಿಗೆ ಹೋದಾಗ ನೀನು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿದೆಯಲ್ಲ, ಅದರಲ್ಲಿ ಏನಿತ್ತು?"

ನನ್ನಲ್ಲಿ ಉತ್ತರವಿರಲಿಲ್ಲ. ಕುಮಟಾ ತಾಲೂಕಿನ ನಮ್ಮ ಗದ್ದೆಯ ನನ್ನ ಪಾಲಿನ ಹಕ್ಕು ಬಿಡುಗಡೆ ಪತ್ರ ಅದು. ಅಣ್ಣ "ಇಲ್ಲಿ ಒಂದು, ಇಲ್ಲಿ ಒಂದು" ಎಂದು ಬೆರಳಿಟ್ಟು ತೋರಿಸಿದ, ನಾನು ಹಾಕಿದೆ. ಅಣ್ಣ ಮೋಸ ಮಾಡುವವನಲ್ಲ. ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡವನು ಅವನೇ, ಕೊಟ್ಟದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ. ಆದರೆ ಆರು ಪುಟದ ಕಾಗದ, ಅದೂ ಕನ್ನಡದಲ್ಲೇ ಇದ್ದದ್ದು, ಒಂದು ಸಾಲೂ ಓದಲಿಲ್ಲವಲ್ಲ! ಸಾಲಿನಿಂದಲೇ ತೋರಿಸು ಎಂದು ಕಲಿತವಳು!

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು. ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಬಿಡಿಸಿ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಎಂದಿತು. ಇದನ್ನೆಲ್ಲ ಅವಳು ಕಡ್ಡಾಯದ ಕುಟುಂಬ ಕಾನೂನಿನಲ್ಲೇ ಓದಿದ್ದಾಳೆ. ಆದರೆ ನಮ್ಮ ಗದ್ದೆ ಪಿತ್ರಾರ್ಜಿತವೇ? ಅಲ್ಲಿಂದ ಮುಂದೆ ಆ ಪೇಪರಿನಲ್ಲಿ ಉತ್ತರವಿಲ್ಲ. ಯಾಕೆಂದರೆ ಅದು ನಮ್ಮ ಅಜ್ಜನಿಗೆ ಹಿರಿಯರಿಂದ ಬಂದ ಭೂಮಿಯಲ್ಲ. ಅವರು ಗೇಣಿದಾರರು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಉತ್ತರ ಕನ್ನಡ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಮುಂಬಯಿಯ 1948ರ ಗೇಣಿ ಕಾಯಿದೆಗೆ ಮಾಡಿದ ತಿದ್ದುಪಡಿಯಂತೆ 1957ರ ಏಪ್ರಿಲ್ 1 ಇಲ್ಲಿ ಉಳುವವರ ದಿನ. ಗೇಣಿದಾರರು ಅಂದಿನಿಂದ ಆ ಭೂಮಿಯನ್ನು ಕೊಂಡವರೆಂದೇ ಲೆಕ್ಕ. ಆ ಹೊತ್ತಿಗೆ ನಾವು ಮೈಸೂರು ರಾಜ್ಯದವರು. ಆ ದಿನ ನಮ್ಮ ಕಡೆಗೆ ಬರಲಿಲ್ಲ. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದ ಮೇಲೆಯೇ ಗೇಣಿ ಭೂಮಿ ಸರ್ಕಾರಕ್ಕೆ ಸೇರಿ, ಉಳುವವನು ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಕೊಡುವ ಹಾಗಾಯಿತು. ಅರ್ಜಿಯ ಗಡುವು ಮುಂದೆ ಹೋಗುತ್ತ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ನಮ್ಮ ಅಜ್ಜನಿಗೆ ಓದು ಬರಹ ಬರುತ್ತಿರಲಿಲ್ಲ. ಊರಿನ ಶಾಲೆಯ ಮಾಸ್ತರರು ಚಿಮಣಿ ದೀಪದ ಬೆಳಕಿನಲ್ಲಿ ಫಾರಂ 7 ತುಂಬಿಕೊಟ್ಟದ್ದು, ಅಜ್ಜ ಹೆಬ್ಬೆಟ್ಟು ಒತ್ತಿದ್ದು, ಅಮ್ಮ ಹೇಳಿ ಹೇಳಿ ನನಗೆ ಕಂಡ ಹಾಗೆಯೇ ಇದೆ. ಆ ಆದೇಶ ಅಣ್ಣನ ಮನೆಯ ಟ್ರಂಕಿನಲ್ಲಿದೆ.

ಹೀಗೆ ಬಂದ ಭೂಮಿ ಅಜ್ಜ ಒಬ್ಬರದ್ದೋ, ಇಡೀ ಕುಟುಂಬದ್ದೋ? ಹೆಣ್ಣುಮಕ್ಕಳಿಗೆ ಅದರಲ್ಲಿ ಯಾವಾಗಿನಿಂದ ಪಾಲು? ಗೇಣಿ ಹಕ್ಕು ಯಾರಿಗೆ ಇಳಿಯಬೇಕೆಂದು ಹೇಳುವ ರಾಜ್ಯದ ಕಾನೂನುಗಳನ್ನು 2005ರವರೆಗೆ ಹಿಂದೂ ಉತ್ತರಾಧಿಕಾರ ಕಾಯಿದೆಯ 4ನೇ ಸೆಕ್ಷನ್ನೇ ಹೊರಗಿಟ್ಟಿತ್ತಂತೆ, ಆಮೇಲೆ ಆ ಉಪವಿಧಿಯನ್ನು ತೆಗೆದರಂತೆ. "ಅಮ್ಮಾ, ನೀನು ಬಿಟ್ಟುಕೊಟ್ಟದ್ದು ಏನು ಅಂತ ನಿನಗೂ ಗೊತ್ತಿಲ್ಲ, ಮಾವನಿಗೂ ಗೊತ್ತಿಲ್ಲ. ನನಗೆ ಅದನ್ನು ತಿಳೀಬೇಕು. ಜಗಳಕ್ಕಲ್ಲ" ಎಂದಳು. ಅವರ ಕಾಲೇಜಿನಲ್ಲಿ ಆ ಪೇಪರು ಕಲಿಸುವವರು ಹಿಂದೆ ಕಂದಾಯ ಇಲಾಖೆಯಲ್ಲಿದ್ದವರು, ಕ್ಲಾಸಿಗೆ ನಿಜವಾದ ಸಾತ್‌ಬಾರಾ ಉತಾರೆಗಳನ್ನೇ ತಂದು ಓದಿಸುತ್ತಾರಂತೆ. ಅವರು ಕಲಿಸುವುದು ಮಹಾರಾಷ್ಟ್ರದ ಕಾಯಿದೆ, ನಮ್ಮದು ಕರ್ನಾಟಕದ ಪಹಣಿ. "ಆದರೂ ಓದುವ ಕ್ರಮ ಒಂದೇ, ಅಲ್ಲಿಯದ್ದನ್ನು ನಾನು ಪ್ರಬಂಧಕ್ಕೆ ತಗೊಳ್ತೇನೆ, ಸರ್ ಒಪ್ಪಿದ್ದಾರೆ." ಸೀನಿಯರ್ ಹುಡುಗಿ ಹೇಳಿದ್ದನ್ನೆಲ್ಲ ಅವಳು ಆಗಲೇ ವಿಚಾರಿಸಿ ಬಂದಿದ್ದಳು. ಮೊದಲ ದಿನವೇ ಹೇಳಲಿಲ್ಲ, ಯಾಕೆಂದರೆ ಕೇಳಿದ್ದು ನಾವಲ್ಲ, ನಕ್ಕದ್ದು ನಾವು.

ನಮ್ಮ ಮನೆಯವರನ್ನು ಒಲಿಸಿದ್ದು ಗದ್ದೆಯಲ್ಲ, ನಮ್ಮ ಕಟ್ಟಡ. ನಮ್ಮ ಸೊಸೈಟಿಯಲ್ಲಿ ಮೂರು ವರ್ಷದಿಂದ ಹೊಸ ಕಟ್ಟಡದ ಮಾತು. ಜಾಗ ಈಗಲೂ ಹಳೆಯ ಬಿಲ್ಡರನ ಹೆಸರಿನಲ್ಲೇ ಇದೆ, ನಮ್ಮ ಹೆಸರಿಗೆ ಕನ್ವೇಯನ್ಸ್ ಆಗಿಲ್ಲ. ಮುಂಬಯಿ ಕಡೆ ಇದು ಮನೆಮನೆಯ ಕತೆ, ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಬಿಲ್ಡರ್ ಮಾಡಿಕೊಡದಿದ್ದರೆ ಡೀಮ್ಡ್ ಕನ್ವೇಯನ್ಸ್ ಮಾಡಿಸಿಕೊಳ್ಳುವ ದಾರಿ 2008ರ ತಿದ್ದುಪಡಿಯಿಂದ ಉಂಟು. ಮೀಟಿಂಗುಗಳಲ್ಲಿ ಇದನ್ನೇ ಕೂಗಾಡಿ ಬರುವ ನಮ್ಮ ಮನೆಯವರಿಗೆ, ಇದೂ ಭೂ ಕಾನೂನೇ ಎಂದು ಮಗಳು ಹೇಳಿದಾಗ ಕನ್ನಡಕ ಕೆಳಗಿಳಿಯಿತು.

"ಇನ್ನೊಂದು ಹೇಳ್ತೇನೆ ಅಪ್ಪಾ. ಹೊಸ ಬಿಲ್ಡರ್ ನಡುವೆಯೇ ಮುಳುಗಿದ ಅಂತ ಇಟ್ಕೊಳ್ಳಿ. ಆಗ ಮುಂಗಡ ಕೊಟ್ಟು ಫ್ಲಾಟು ಬುಕ್ ಮಾಡಿದವರು ಯಾರು?"

ಇವರು ತಡವರಿಸಲಿಲ್ಲ. "2018ರಿಂದ ಅವರೂ ಬ್ಯಾಂಕಿನ ಹಾಗೆ ಹಣಕಾಸು ಸಾಲಿಗರು. ಸುಪ್ರೀಂ ಕೋರ್ಟು 2019ರಲ್ಲಿ ಸರಿ ಅಂದಿದೆ. ಆದರೆ 2020ರ ತಿದ್ದುಪಡಿ ಆದ ಮೇಲೆ ಒಬ್ಬೊಬ್ಬರೇ ಹೋಗೋ ಹಾಗಿಲ್ಲ, ಒಂದೇ ಯೋಜನೆಯ ನೂರು ಮಂದಿ ಇಲ್ಲವೆ ನೂರಕ್ಕೆ ಹತ್ತು ಮಂದಿ ಒಟ್ಟಾಗಿ..." ಎಂದು ಶುರುವಾದವರು ಅರ್ಧಕ್ಕೆ ನಿಲ್ಲಿಸಿ ಮಗಳ ಮುಖ ನೋಡಿದರು. ಅವರ ಪೇಪರೂ ಅವಳ ಪೇಪರೂ ಒಂದೇ ಕಟ್ಟಡದಲ್ಲಿ ಬಂದು ಕೂತಿದ್ದವು. ಅಲ್ಲಿಂದ ರಾತ್ರಿ ಹನ್ನೊಂದರವರೆಗೆ ಇಬ್ಬರದ್ದೂ ಅದೇ ಮಾತು. ನಾನು ಮಲಗಿಬಿಟ್ಟೆ.

ಏಳನೆಯ ದಿನ ಫಾರ್ಮು ಶಾಯಿಯಲ್ಲಿ ತುಂಬಿತು. ಭೂ ಕಾನೂನು ಒಂದು, ದಿವಾಳಿ ಕಾನೂನು ಒಂದು. ಎರಡರಲ್ಲಿ ಯಾವುದಾದರೂ ನಡೆಯದಿದ್ದರೆ ಶಿಕ್ಷೆಯ ಶಾಸ್ತ್ರ. ನಮ್ಮ ಸೆರೆಮನೆಗಳಲ್ಲಿರುವವರಲ್ಲಿ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ತೀರ್ಪೇ ಆಗದ ವಿಚಾರಣಾಧೀನರು ಎಂದು ಅವಳು ಹೇಳಿದಾಗ, ಅದನ್ನು ಬಿಟ್ಟೆಯಲ್ಲ ಎಂದು ನನಗೇ ಅನಿಸಿತು. ಐದನೆಯ ವರ್ಷಕ್ಕೆ ಮೂರು ಬಾಕಿ ಇದೆಯಲ್ಲ ಎಂದಳು. ಆಗ ಮತ್ತೆ ಇಷ್ಟೇ ಗಲಾಟೆಯಾದೀತು, ಕಾಕೂಗೆ ಮೊದಲೇ ತಿಳಿಸಿಡಬೇಕು.

ಅಣ್ಣನಿಗೆ ಫೋನು ಮಾಡಿ, ಮಗಳ ಓದಿಗೆ ಬೇಕು ಎಂದೆ. ಒಂದು ಕ್ಷಣ ಅವನು ಸುಮ್ಮನಾದ. ಆಮೇಲೆ, "ಕಳಿಸ್ತೇನೆ ಮಾರಾಯ್ತಿ, ನಾನೂ ಅದನ್ನು ಸರಿಯಾಗಿ ಓದಿದವನಲ್ಲ" ಎಂದ. ನ್ಯಾಯಮಂಡಳಿಯ ಆದೇಶ, ನನ್ನ ಬಿಡುಗಡೆ ಪತ್ರ, ಎರಡರ ಜೆರಾಕ್ಸ್ ಪ್ರತಿ ಮೊನ್ನೆ ಕೊರಿಯರಿನಲ್ಲಿ ಬಂತು. ಮಗಳು ಕನ್ನಡ ಮಾತಾಡುತ್ತಾಳೆ, ಅಚ್ಚಿನ ಅಕ್ಷರ ಕೂಡಿಸಿ ಓದುತ್ತಾಳೆ, ಕೈಬರಹ ಅವಳಿಂದಾಗುವುದಿಲ್ಲ. ಹಾಗಾಗಿ ದಿನಾ ಮಧ್ಯಾಹ್ನ ಊಟವಾದ ಮೇಲೆ ನಾನು ಓದುವುದು, ಅವಳು ಬರೆದುಕೊಳ್ಳುವುದು. ಬಿಡುಗಡೆ ಪತ್ರದ ನಾಲ್ಕನೆಯ ಪುಟದಲ್ಲಿ ಗದ್ದೆಯ ಜೊತೆಗೆ ಮನೆಯ ಹಿಂದಿನ ತೆಂಗಿನ ಹಿತ್ತಲಿನ ಸರ್ವೆ ನಂಬರೂ ಇದೆ. ಅದು ನನಗೆ ಗೊತ್ತಿರಲಿಲ್ಲ. ಅಣ್ಣನಿಗೆ ಗೊತ್ತಿತ್ತೋ ಏನೋ, ಇನ್ನೂ ಕೇಳಿಲ್ಲ.

ಆದೇಶದಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳವರೆಗೆ ನಾನು ಹೇಗೋ ಹೇಳಿಕೊಟ್ಟೆ. ಎರಡನೆಯ ಪುಟದ ಕೆಳಗಿನ ಐದಾರು ಕಂದಾಯದ ಪದಗಳು ನನಗೂ ತಿಳಿಯುತ್ತಿಲ್ಲ, ಅಕ್ಷರವೂ ಅಳಿಸಿದೆ. ನಮ್ಮ ಸಂಘದ ಹಿರಿಯರಲ್ಲಿ ಕಾರವಾರ, ಕುಮಟಾ ಕಡೆ ಕಂದಾಯ ಇಲಾಖೆಯಲ್ಲಿದ್ದವರು ಯಾರಾದರೂ ಇದ್ದರೆ ಸಂಪಾದಕರ ಮೂಲಕ ದಯವಿಟ್ಟು ತಿಳಿಸಿ. ಪುಟಗಳನ್ನು ತೆಗೆದುಕೊಂಡು ನಾವೇ ನಿಮ್ಮ ಮನೆಗೆ ಬರುತ್ತೇವೆ. ಹಲಸಿನ ಹಪ್ಪಳ ಇನ್ನೂ ಎರಡು ಕಟ್ಟು ಉಳಿದಿದೆ, ಅದನ್ನೂ ತರುತ್ತೇನೆ.